ಚಿಕ್ಕ ಮಕ್ಕಳಿಗೆ ‘ಯಾವುದು ಜಾಸ್ತಿ, ಯಾವುದು ಕಡಿಮೆ’ ಕಲಿಸುವುದು ಹೇಗೆ?

ಮಗು ಒಂದರಿಂದ ನೂರರವರೆಗೆ ಗಡಗಡ ಅಂತ ಹೇಳುತ್ತದೆ. ಮನೆಗೆ ಬಂದ ನೆಂಟರ ಮುಂದೆಲ್ಲ ಹೇಳಿಸಿದ್ದೂ ಆಯ್ತು. ಈಗ ಅದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಎಂಟು ಜಾಸ್ತಿನಾ, ಆರು ಜಾಸ್ತಿನಾ?’ ಅಂತ ಕೇಳಿ ನೋಡಿ. ಎಷ್ಟೋ ಮಕ್ಕಳು ಸುಮ್ನೆ ನಿಮ್ಮ ಮುಖ ನೋಡುತ್ತಾರೆ. ಕೆಲವರು ನೀವು ಕೊನೆಯಲ್ಲಿ ಯಾವ ಸಂಖ್ಯೆ ಹೇಳಿದಿರೋ ಅದನ್ನೇ ತಿರುಗಿ ಹೇಳುತ್ತಾರೆ. ಗಾಬರಿ ಬೇಡ, ಬೈಯುವುದಂತೂ ಬೇಡವೇ ಬೇಡ. ನೂರರವರೆಗೆ ಹೇಳುವುದು ಶಿಶುಗೀತೆ ಒಪ್ಪಿಸಿದ ಹಾಗೆ, ಬಾಯಿಪಾಠ. ಎಂಟು ಅನ್ನುವ ಮಾತಿನ ಹಿಂದೆ ಎಷ್ಟು ವಸ್ತು ಇವೆ ಅಂತ ತಿಳಿಯುವುದು ಬೇರೆಯೇ ಕಲಿಕೆ, ಅದಕ್ಕೆ ಸಮಯ ಬೇಕು.

ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ಒಂದನೇ ತರಗತಿ ವರ್ಕ್‌ಬುಕ್‌ನಲ್ಲಿ > < ಗುರುತು ಕಂಡ ತಕ್ಷಣ ಅದನ್ನೇ ಹೇಳಿಕೊಡಲು ಕೂರುತ್ತಾರೆ, ಮಗು ಇಪ್ಪತ್ತು ಲೆಕ್ಕ ಬರೆದು ಹತ್ತು ತಪ್ಪು ಮಾಡುತ್ತದೆ, ಇಬ್ಬರಿಗೂ ತಲೆ ಕೆಡುತ್ತದೆ. ನನ್ನ ಪ್ರಕಾರ ಆ ಗುರುತು ಬರಬೇಕಾದ್ದು ಕಟ್ಟಕಡೆಗೆ. ಮೊದಲು ಕಣ್ಣಿಗೆ ಕಾಣಬೇಕು, ಆಮೇಲೆ ಕೈಯಲ್ಲಿ ಜೋಡಿಸಬೇಕು, ಆಮೇಲೆ ಎಣಿಸಬೇಕು, ಆಮೇಲೆ ಅಂಕಿ. ಅಷ್ಟೆಲ್ಲ ಆಗಿದ್ದರೆ ಗುರುತು ಕಲಿಸಲು ಒಂದೆರಡು ದಿನ ಸಾಕು.

ಎಷ್ಟರವರೆಗೆ ಕಲಿಸಬೇಕು ಅಂತ ಕೇಳುವವರಿಗೆ ಒಂದು ಅಳತೆ ಇದೆ. ಮಕ್ಕಳಿಗೆ ಓದು, ಬರಹ, ಲೆಕ್ಕದ ಬುನಾದಿ ಹಾಕಲು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಗಳ ಪ್ರಕಾರ ಒಂದನೇ ತರಗತಿಗೆ ಸೇರುವ ಮೊದಲು 10ರವರೆಗಿನ ಅಂಕಿ ಗೊತ್ತಿರಬೇಕು, ಒಂದನೇ ತರಗತಿಯಲ್ಲಿ 99ರವರೆಗೆ, ಎರಡರಲ್ಲಿ 999ರವರೆಗೆ, ಮೂರರಲ್ಲಿ 9999ರವರೆಗೆ ಓದಿ ಬರೆಯಬೇಕು. ಹೋಲಿಸುವುದನ್ನೂ ಅದೇ ಅಳತೆಯಲ್ಲಿ ಇಟ್ಟುಕೊಳ್ಳಿ. ಅಂಗನವಾಡಿಗೆ ಹೋಗುವ ಮಗುವಿಗೆ 57, 75 ಅಂತ ಕೊಟ್ಟು ಹಿಂಸೆ ಮಾಡುವುದರಲ್ಲಿ ಅರ್ಥವಿಲ್ಲ.

ಎಣಿಸದೆ ಶುರು ಮಾಡಿ

ಎಣಿಸಲು ಬಾರದ ಮಗುವಿಗೂ ಜಾಸ್ತಿ ಕಡಿಮೆ ಗೊತ್ತಾಗುತ್ತದೆ. ಅಣ್ಣನ ತಟ್ಟೆಗೆ ಮೂರು ನಿಪ್ಪಟ್ಟು ಹಾಕಿ ಇವಳಿಗೆ ಒಂದೇ ಹಾಕಿ ನೋಡಿ, ಆ ಕ್ಷಣಕ್ಕೇ ಜಗಳ. ಆ ತಿಳಿವಳಿಕೆಯ ಮೇಲೇ ಕಟ್ಟುತ್ತಾ ಹೋಗಬೇಕು.

ಮೊದಲ ಕೆಲಸ ಜೋಡಿಸುವುದು. ಊಟಕ್ಕೆ ತಟ್ಟೆ ಹಾಕುವಾಗ ‘ಎಲ್ಲ ತಟ್ಟೆ ಪಕ್ಕಾನೂ ಒಂದೊಂದು ಲೋಟ ಇಡು ಪುಟ್ಟಿ’ ಅನ್ನಿ. ಲೋಟ ಮಿಕ್ಕಿತಾ? ಹಾಗಾದರೆ ಲೋಟ ಜಾಸ್ತಿ. ಲೋಟ ಸಾಲಲಿಲ್ವಾ? ತಟ್ಟೆ ಜಾಸ್ತಿ. ಸರಿಹೋಯ್ತಾ? ಎರಡೂ ಸಮ. ಒಂದು ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳದೆ ಹೋಲಿಕೆ ಮುಗಿಯಿತು. ಅಂಗಿಯ ಬಟನ್ನು ಮತ್ತು ಕಾಜಾ, ಡಬ್ಬಿ ಮತ್ತು ಮುಚ್ಚಳ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಮತ್ತು ಒಳಗೆ ಕೂತ ಜನ, ಎಲ್ಲದರಲ್ಲೂ ಇದನ್ನು ಮಾಡಬಹುದು.

ಇದು ರೂಢಿಯಾದ ಮೇಲೆ ಹುಣಸೆ ಬೀಜ ತನ್ನಿ. (ಮನೆಯಲ್ಲಿ ಮೂರು ವರ್ಷದ ಒಳಗಿನ ಮಗು ಇದ್ದರೆ ಬೀಜ, ಕಾಳು ಬೇಡ. ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತವೆ. ದೊಡ್ಡ ಬಾಟಲಿ ಮುಚ್ಚಳ, ಬಳೆ ಇಟ್ಟುಕೊಳ್ಳಿ.) ಆರು ಬೀಜ ಒತ್ತೊತ್ತಾಗಿ ಒಂದು ಸಾಲು ಇಡಿ. ಅದರ ಕೆಳಗೆ ಐದೇ ಬೀಜ, ಆದರೆ ದೂರದೂರ, ಮೇಲಿನ ಸಾಲಿಗಿಂತ ಉದ್ದ ಕಾಣುವ ಹಾಗೆ. ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳಿ. ನಾಲ್ಕೈದು ವರ್ಷದ ಬಹಳಷ್ಟು ಮಕ್ಕಳು ಉದ್ದದ ಸಾಲನ್ನೇ ತೋರಿಸುತ್ತಾರೆ. ಕೆಲವರು ಎರಡನ್ನೂ ಬೆರಳಿಟ್ಟು ಎಣಿಸಿ, ಇದು ಆರು, ಇದು ಐದು ಅಂತ ಸರಿಯಾಗಿಯೇ ಹೇಳಿ, ಆಮೇಲೂ ಉದ್ದದ ಸಾಲೇ ಜಾಸ್ತಿ ಅನ್ನುತ್ತಾರೆ. ಅವರ ಕಣ್ಣು ಸಾಲಿನ ಉದ್ದವನ್ನು ನೋಡುತ್ತಿದೆ, ಬೀಜಗಳನ್ನಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದರು. ಎರಡು ಸಾಲಿನಲ್ಲೂ ಸಮವಾಗಿ ಇಟ್ಟು, ಮಗುವಿನ ಕಣ್ಣೆದುರೇ ಒಂದು ಸಾಲನ್ನು ಹಿಗ್ಗಿಸಿದರೂ ಚಿಕ್ಕ ಮಕ್ಕಳು ಹಿಗ್ಗಿಸಿದ್ದೇ ಜಾಸ್ತಿ ಅನ್ನುತ್ತಾರೆ. ಆರೇಳು ವರ್ಷದ ಹೊತ್ತಿಗೆ ಇದು ತಾನಾಗಿ ಸರಿಹೋಗುತ್ತದೆ.

ಆಗ ‘ಅಯ್ಯೋ ತಪ್ಪು, ಆರು ತಾನೇ ಜಾಸ್ತಿ’ ಅನ್ನಬೇಡಿ. ಮಗು ಒಪ್ಪಿಕೊಂಡಂತೆ ತಲೆಯಾಡಿಸುತ್ತದೆ, ಒಳಗೇನೂ ಬದಲಾಗುವುದಿಲ್ಲ. ಮೇಲಿನ ಒಂದು ಬೀಜದಿಂದ ಕೆಳಗಿನ ಒಂದು ಬೀಜಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಹೇಳಿ. ಎಲ್ಲಕ್ಕೂ ಎಳೆದಾದ ಮೇಲೆ ಮೇಲೆ ಒಂದು ಬೀಜ ಒಂಟಿಯಾಗಿ ಉಳಿಯುತ್ತದೆ. ‘ಇದಕ್ಕೆ ಜೋಡಿ ಎಲ್ಲಿ?’ ಅಂತ ಕೇಳಿ ಸುಮ್ಮನಾಗಿ. ಮಗು ಸ್ವಲ್ಪ ಹೊತ್ತು ನೋಡುತ್ತದೆ, ಕೆಲವೊಮ್ಮೆ ಡಬ್ಬಿಯಿಂದ ಇನ್ನೊಂದು ಬೀಜ ತೆಗೆದು ಕೆಳಗಿಟ್ಟು ಸಮ ಮಾಡಿಬಿಡುತ್ತದೆ. ಅದಕ್ಕಿಂತ ಒಳ್ಳೆಯ ಉತ್ತರ ಇನ್ನೇನಿದೆ? ನಾಲ್ಕು ದಿನ ಬಿಟ್ಟು ಬೇರೆ ವಸ್ತು, ಬೇರೆ ಸಂಖ್ಯೆ ಇಟ್ಟು ಮತ್ತೆ ಮಾಡಿ.

ಕೇಳುವ ರೀತಿ ಬಹಳ ಮುಖ್ಯ

ಮೂರು ಮೂಸಂಬಿ, ಐದು ನಿಂಬೆಹಣ್ಣು ಇಟ್ಟು ‘ಯಾವುದು ದೊಡ್ಡದು?’ ಅಂತ ಕೇಳಿದರೆ ಮಗು ಮೂಸಂಬಿ ಅನ್ನುತ್ತದೆ. ಅದರ ಉತ್ತರ ಸರಿಯಾಗಿಯೇ ಇದೆ, ನಮ್ಮ ಪ್ರಶ್ನೆ ಸರಿಯಿಲ್ಲ. ಶುರುವಿನಲ್ಲಿ ‘ಯಾವುದು ಜಾಸ್ತಿ ಇದೆ?’ ಅಂತಲೇ ಕೇಳಿ. ಮನೆಯಲ್ಲಿ ಹೆಚ್ಚು ಅನ್ನುತ್ತೀರೋ, ಜಾಸ್ತಿಯೋ, ಭಾಳ ಅನ್ನುತ್ತೀರೋ, ಮಗುವಿನ ಕಿವಿಗೆ ಬಿದ್ದಿರುವ ಮಾತನ್ನೇ ಬಳಸಿ. ಪುಸ್ತಕದ ‘ದೊಡ್ಡ ಸಂಖ್ಯೆ, ಚಿಕ್ಕ ಸಂಖ್ಯೆ’ ಆಮೇಲೆ ಬರಲಿ. ಅದು ಬಂದಾಗ ಸ್ಲೇಟಿನ ಮೇಲೆ 8ನ್ನು ಪುಟ್ಟದಾಗಿ, 3ನ್ನು ಸ್ಲೇಟ್ ತುಂಬುವಷ್ಟು ದೊಡ್ಡದಾಗಿ ಬರೆದು ಯಾವ ಸಂಖ್ಯೆ ದೊಡ್ಡದು ಅಂತ ಕೇಳಿ. ಮಕ್ಕಳು ನಗುತ್ತಾರೆ, ಮೊದಲು ತಪ್ಪು ಹೇಳುತ್ತಾರೆ, ಆಮೇಲೆ ತಾವೇ ಇಂಥ ಪ್ರಶ್ನೆ ಮಾಡಿ ನಿಮ್ಮನ್ನು ಸಿಕ್ಕಿಸಲು ನೋಡುತ್ತಾರೆ.

ಇನ್ನೊಂದು. ನಾವು ಯಾವಾಗಲೂ ಕೇಳುವುದು ‘ಯಾವುದು ಜಾಸ್ತಿ’ ಅಂತಲೇ. ಹಾಗಾಗಿ ಮಗು ಪ್ರಶ್ನೆ ಕೇಳಿಸಿಕೊಳ್ಳದೇ ದೊಡ್ಡ ಗುಡ್ಡೆಯನ್ನು ತೋರಿಸುವುದು ಕಲಿತುಬಿಡುತ್ತದೆ. ‘ಯಾವುದು ಕಡಿಮೆ?’ ಅಂದರೂ ಅದನ್ನೇ ತೋರಿಸುತ್ತದೆ. ಎರಡನ್ನೂ ಕಲಸಿ ಕೇಳುತ್ತಿರಿ, ಆಗಾಗ ಸಮ ಇರುವ ಗುಡ್ಡೆಗಳನ್ನೂ ಇಡಿ. ಉತ್ತರ ಬಂದ ಮೇಲೆ ‘ಎಷ್ಟು ಜಾಸ್ತಿ?’ ಮತ್ತು ‘ಹೇಗೆ ಗೊತ್ತಾಯ್ತು?’ ಅಂತ ಕೇಳುವುದನ್ನು ಮರೆಯಬೇಡಿ. ಉತ್ತರ ಸರಿ ಇದ್ದಾಗಲೂ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಆ ಪ್ರಶ್ನೆ ಬಂತು ಅಂದರೇ ತಪ್ಪಾಗಿದೆ ಅಂತ ಮಗು ಉತ್ತರ ಬದಲಿಸಿಬಿಡುತ್ತದೆ.

ಎಣಿಕೆ ಗಟ್ಟಿಯಾಗಿದೆಯಾ ಅಂತಲೂ ಇಲ್ಲೇ ನೋಡಿಕೊಳ್ಳಿ. ಏಳು ಬೀಜ ಎಣಿಸಿ ಮುಗಿಸಿದ ತಕ್ಷಣ ‘ಹಾಗಾದರೆ ಒಟ್ಟು ಎಷ್ಟಿದೆ?’ ಅನ್ನಿ. ‘ಏಳು’ ಅಂದರೆ ಆಯ್ತು. ಮತ್ತೆ ಮೊದಲಿಂದ ‘ಒಂದು, ಎರಡು...’ ಅಂತ ಶುರು ಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನುವುದು ಇನ್ನೂ ತಲೆಗೆ ಹೋಗಿಲ್ಲ. ಅಂಥ ಮಗುವಿಗೆ ಅಂಕಿ ಹೋಲಿಕೆ ಈಗಲೇ ಬೇಡ. ಐದರೊಳಗೆ ಎಣಿಸಿ ಎತ್ತಿಕೊಡುವ ಕೆಲಸ ಮಾಡಿಸಿ. ‘ನಾಲ್ಕು ಬೆಳ್ಳುಳ್ಳಿ ಎಸಳು ಕೊಡು’ ಅಂದಾಗ ಹಿಡಿಯಷ್ಟು ಕೊಡದೆ ನಾಲ್ಕೇ ಎಣಿಸಿ ಕೊಟ್ಟರೆ ಮುಂದೆ ಹೋಗಬಹುದು.

ನೆಲದ ಮೇಲೆ ಹತ್ತು ಮನೆ

ಇಷ್ಟು ಆದ ಮೇಲೆ ಬೀಜದಿಂದ ಅಂಕಿಗೆ ದಾಟಬೇಕು. ಇದಕ್ಕೆ ನನಗೆ ಅತ್ಯಂತ ಇಷ್ಟವಾದದ್ದು ಸಾಲು ಆಟ. ಜಗಲಿಯಲ್ಲೋ ಅಂಗಳದಲ್ಲೋ ಸೀಮೆಸುಣ್ಣದಲ್ಲಿ ಒಂದೇ ಸಾಲಿಗೆ, ಒಂದೇ ಅಳತೆಯ ಹತ್ತು ಮನೆ ಬರೆಯಿರಿ. ಎಡದಿಂದ ಬಲಕ್ಕೆ 1ರಿಂದ 10. ದಾಳಕ್ಕೆ ಒಂದು ಹುಣಸೆ ಬೀಜ ಸಾಕು, ಚೌಕಾಬಾರಕ್ಕೆ ಮಾಡಿಕೊಳ್ಳುವ ಹಾಗೆ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ. ಬಿಳಿ ಬಿದ್ದರೆ ಒಂದು ಹೆಜ್ಜೆ, ಕಂದು ಬಿದ್ದರೆ ಎರಡು. ಯಾರು ಮೊದಲು ಹತ್ತಕ್ಕೆ ಹೋಗುತ್ತಾರೋ ಅವರು ಗೆದ್ದರು.

ಇದರಲ್ಲಿ ಒಂದೇ ಒಂದು ನಿಯಮ ಬಿಡಬಾರದು. ಮಗು 4ರಲ್ಲಿ ನಿಂತು ಎರಡು ಬಿದ್ದರೆ, ನಡೆಯುವಾಗ ‘ಒಂದು, ಎರಡು’ ಅನ್ನಬಾರದು. ‘ಐದು, ಆರು’ ಅನ್ನಬೇಕು, ಅಂದರೆ ಕಾಲಿಡುತ್ತಿರುವ ಮನೆಯ ಅಂಕಿಯನ್ನೇ ಹೇಳಬೇಕು. ಅಮೆರಿಕದಲ್ಲಿ ಗೀತಾ ರಾಮಾನಿ ಮತ್ತು ರಾಬರ್ಟ್ ಸೀಗ್ಲರ್ ಎಂಬ ಸಂಶೋಧಕರು ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳಿಗೆ ಹೀಗೆಯೇ ಹತ್ತು ಮನೆಯ ನೇರ ಸಾಲಿನ ಆಟ ಆಡಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವೇ ಸಲ, ಸಲಕ್ಕೆ ಕಾಲು ಗಂಟೆಯಷ್ಟು ಆಡಿದ್ದಕ್ಕೇ ಯಾವ ಅಂಕಿ ದೊಡ್ಡದು ಅಂತ ಹೇಳುವುದರಲ್ಲಿ ಆ ಮಕ್ಕಳು ಸುಧಾರಿಸಿದ್ದರು. ಅದೇ ಆಟವನ್ನು ಅಂಕಿ ಬದಲು ಬಣ್ಣದ ಮನೆಗಳಲ್ಲಿ ಆಡಿದವರಿಗೆ ಆ ಲಾಭ ಆಗಲಿಲ್ಲ. ಯಾಕೆ ಅಂತ ಯೋಚಿಸಿದರೆ ತಿಳಿಯುತ್ತದೆ. ದೊಡ್ಡ ಅಂಕಿಗೆ ಹೋಗಲು ಜಾಸ್ತಿ ಹೆಜ್ಜೆ ಬೇಕು, ಜಾಸ್ತಿ ದೂರ ಹೋಗಬೇಕು, ಜಾಸ್ತಿ ಹೊತ್ತು ಹಿಡಿಯುತ್ತದೆ, ಜಾಸ್ತಿ ಸಂಖ್ಯೆ ಬಾಯಲ್ಲಿ ಹೇಳಬೇಕು. ಇಷ್ಟೂ ಒಟ್ಟಿಗೆ ಮಗುವಿನ ಮೈಗೆ ಹತ್ತುತ್ತದೆ.

ಹಾವು ಏಣಿ ಆಟ ಇದೆಯಲ್ಲ, ಅದು ಸಾಲದಾ ಅಂತ ಕೇಳಬಹುದು. ಮೊದಲ ಹಂತಕ್ಕೆ ಬೇಡ ಅನ್ನುತ್ತೇನೆ. ಅದರ ಸಾಲುಗಳು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುತ್ತವೆ, ಏಣಿ ಸಿಕ್ಕರೆ ಮಧ್ಯದ ಅಂಕಿಗಳೆಲ್ಲ ಹಾರಿಹೋಗುತ್ತವೆ. ಒಂದನೇ ತರಗತಿ ಮುಗಿಯುವ ಹೊತ್ತಿಗೆ, ನೂರರವರೆಗಿನ ಅಂಕಿ ಓದಲು ಬಂದ ಮೇಲೆ, ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಆಟದ ನಡುವೆ ನಿಲ್ಲಿಸಿ ಕೇಳಿ: ‘ನಾನು 7ರಲ್ಲಿ, ನೀನು 4ರಲ್ಲಿ. ಯಾರು ಮುಂದಿದ್ದಾರೆ? ಎಷ್ಟು ಮನೆ ಮುಂದೆ?’ ಪ್ರಶ್ನೆ ಕೇಳುವಾಗ ಮೊದಲು ದೂರದ ಅಂಕಿಗಳನ್ನು ಆರಿಸಿ, 2 ಮತ್ತು 9, 1 ಮತ್ತು 7. ಆಮೇಲೆ 5 ಮತ್ತು 8. ಕೊನೆಗೆ 8 ಮತ್ತು 9. ಹತ್ತಿರದ ಅಂಕಿ ಹೋಲಿಸುವುದು ನಿಜಕ್ಕೂ ಕಷ್ಟ. ದೊಡ್ಡವರಿಗೂ 2 ಮತ್ತು 9ಕ್ಕಿಂತ 8 ಮತ್ತು 9 ಹೋಲಿಸಲು ಒಂದು ಚೂರು ಹೆಚ್ಚು ಹೊತ್ತು ಬೇಕು ಅಂತ 1967ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಿರುವಾಗ ಐದು ವರ್ಷದ ಮಗು ತಡವರಿಸಿದರೆ ಏನು ಆಶ್ಚರ್ಯ?

ಮಳೆ ಬಂದು ಹೊರಗೆ ಆಡಲು ಆಗದಿದ್ದರೆ ಚೀಟಿ ಆಟ. ಹಳೆಯ ಮದುವೆ ಪತ್ರಿಕೆ ಕತ್ತರಿಸಿ 1ರಿಂದ 10ರವರೆಗೆ ನಾಲ್ಕು ಸಲ ಬರೆಯಿರಿ, ಅಂಕಿಯ ಕೆಳಗೆ ಅಷ್ಟೇ ಚುಕ್ಕಿ ಇಡಿ. ಇಸ್ಪೀಟ್ ಎಲೆ ಇದ್ದರೆ ರಾಜ, ರಾಣಿ, ಗುಲಾಮ ತೆಗೆದರೆ ಆಯ್ತು. ಇಬ್ಬರೂ ಒಂದೊಂದು ಮಗುಚಿ, ಯಾರದ್ದು ಜಾಸ್ತಿಯೋ ಅವರಿಗೆ ಎರಡೂ. ಆದರೆ ಚೀಟಿ ಎತ್ತಿಕೊಳ್ಳುವ ಮೊದಲು ‘ಒಂಬತ್ತು ಆರಕ್ಕಿಂತ ಜಾಸ್ತಿ’ ಅಂತ ಪೂರ್ತಿ ವಾಕ್ಯ ಹೇಳಬೇಕು. ಈ ವಾಕ್ಯ ಬಾಯಿಗೆ ಬಂದಿದ್ದರೆ ಮುಂದೆ ಗುರುತು ಕಲಿಸುವಾಗ ಅರ್ಧ ಕೆಲಸ ಕಡಿಮೆ. ಸೋತು ಅಳುವ ಮಗುವಾದರೆ ಮರುದಿನ ‘ಕಡಿಮೆ ಇದ್ದವರಿಗೆ ಎರಡೂ’ ಅಂತ ನಿಯಮ ತಿರುಗಿಸಿ.

ಎರಡು ಅಂಕಿಯ ಸಂಖ್ಯೆ ಬಂದಾಗ

29 ಮತ್ತು 31. ಇಲ್ಲಿ ಮಕ್ಕಳು ಎಡವುತ್ತಾರೆ. 29ರಲ್ಲಿ 9 ಇದೆ, 31ರಲ್ಲಿ ಅಷ್ಟು ದೊಡ್ಡ ಅಂಕಿ ಯಾವುದೂ ಇಲ್ಲ, ಹಾಗಾಗಿ 29 ದೊಡ್ಡದು ಅನ್ನುತ್ತಾರೆ. ಹತ್ತರ ಸ್ಥಾನ, ಬಿಡಿ ಸ್ಥಾನ ಅಂತ ಪಟ್ಟಿ ಹಾಕಿ ಹೇಳಿದರೆ ಪಟ್ಟಿ ಬರೆಯುವುದು ಕಲಿಯುತ್ತಾರೆ ಅಷ್ಟೇ.

ಬದಲಿಗೆ ಪೊರಕೆ ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಸಿ. ಕಟ್ಟು ಮಾಡುವುದು ಮಗುವೇ ಮಾಡಬೇಕು, ನೀವು ಮಾಡಿಟ್ಟರೆ ಒಳಗೆ ಹತ್ತಿದೆ ಅಂತ ಅದಕ್ಕೆ ನಂಬಿಕೆ ಬರುವುದಿಲ್ಲ. ಎರಡು ಕಟ್ಟು, ಒಂಬತ್ತು ಬಿಡಿ ಕಡ್ಡಿ ಒಂದು ಕಡೆ. ಮೂರು ಕಟ್ಟು, ಒಂದು ಬಿಡಿ ಕಡ್ಡಿ ಇನ್ನೊಂದು ಕಡೆ. ಅನುಮಾನ ಬಂದರೆ ಬಿಚ್ಚಿ ಎಣಿಸಲಿ, ತಡೆಯಬೇಡಿ. ಎರಡನೇ ಸಲ ತಾನೇ ಬಿಚ್ಚುವುದು ಬಿಡುತ್ತದೆ. ಆಮೇಲೆ ಕೇಳಿ, ‘ಈ ಒಂಬತ್ತು ಕಡ್ಡಿಗೆ ಇನ್ನೆಷ್ಟು ಸೇರಿದರೆ ಒಂದು ಕಟ್ಟಾಗುತ್ತೆ?’ ಒಂಬತ್ತು ಬಿಡಿ ಕಡ್ಡಿ ಇನ್ನೂ ಒಂದು ಕಟ್ಟೂ ಆಗಿಲ್ಲ ಅನ್ನುವುದು ಅಲ್ಲಿ ಹೊಳೆಯುತ್ತದೆ, ಇಡೀ ಪಾಠದ ತಿರುಳೇ ಅದು.

ದುಡ್ಡಿನಲ್ಲೂ ಮಾಡಬಹುದು, ಆದರೆ ಕಟ್ಟು ಆದ ಮೇಲೆ ಮಾಡಿ. ಒಂದು ಹತ್ತು ರೂಪಾಯಿ ನೋಟು ಒಂದು ಕೈಯಲ್ಲಿ, ಒಂದೊಂದು ರೂಪಾಯಿಯ ಏಳು ನಾಣ್ಯ ಇನ್ನೊಂದು ಕೈಯಲ್ಲಿ ಹಿಡಿದರೆ ಚಿಕ್ಕ ಮಕ್ಕಳು ನಾಣ್ಯವನ್ನೇ ಆರಿಸುತ್ತಾರೆ, ಏಳು ಇವೆಯಲ್ಲ! ನೋಟಿನ ಒಳಗೆ ಹತ್ತು ರೂಪಾಯಿ ಕಾಣುವುದಿಲ್ಲ, ಕಟ್ಟಿನ ಒಳಗೆ ಹತ್ತು ಕಡ್ಡಿ ಕಾಣುತ್ತದೆ.

ಕನ್ನಡದಲ್ಲಿ ಹೇಳಿಸುವುದು ಇಲ್ಲಿ ತುಂಬಾ ಸಹಾಯ. ‘ಇಪ್ಪತ್ತೊಂಬತ್ತು, ಮೂವತ್ತೊಂದು’ ಅಂದಾಗ ಹತ್ತುಗಳು ಮೊದಲು ಕಿವಿಗೆ ಬೀಳುತ್ತವೆ. ಇಪ್ಪತ್ತು ಮೊದಲಾ, ಮೂವತ್ತು ಮೊದಲಾ ಅಂತ ಕೇಳಿದರೆ ಬಹುಪಾಲು ಮಕ್ಕಳಿಗೆ ಗೊತ್ತಿರುತ್ತದೆ. ಎಪ್ಪತ್ತು, ಎಂಬತ್ತು ಮಾತ್ರ ಅದಲುಬದಲು ಮಾಡುತ್ತಾರೆ, ಅವೆರಡನ್ನು ಬೇರೆಯಾಗಿ ಅಭ್ಯಾಸ ಮಾಡಿಸಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಫಿಫ್ಟೀನ್ ಮತ್ತು ಫಿಫ್ಟಿ, ಥರ್ಟೀನ್ ಮತ್ತು ಥರ್ಟಿ ಒಂದೇ ಥರ ಕೇಳಿಸುತ್ತವೆ. 15 ಮತ್ತು 50 ಹೋಲಿಸುವಾಗ ಆಗುವ ಎಷ್ಟೋ ತಪ್ಪು ಲೆಕ್ಕದ ತಪ್ಪಲ್ಲ, ಕಿವಿಯ ತಪ್ಪು. ಅಂಥ ಮಕ್ಕಳಿಗೆ ಹದಿನೈದು, ಐವತ್ತು ಅಂತಲೂ ಹೇಳಿಕೊಡಿ.

ಕೊಡಬೇಕಾದ ಜೋಡಿಗಳು: 45 ಮತ್ತು 54, 19 ಮತ್ತು 21, 60 ಮತ್ತು 59, 38 ಮತ್ತು 36. ಕೊನೆಯದರಲ್ಲಿ ಕಟ್ಟುಗಳು ಸಮ, ಆಗ ಮಾತ್ರ ಬಿಡಿ ಕಡ್ಡಿ ನೋಡಬೇಕು. ಮೂರಂಕಿಗೆ ಹೋದಾಗಲೂ ಇದೇ ದಾರಿ, ಹತ್ತು ಕಟ್ಟು ಸೇರಿ ಒಂದು ದೊಡ್ಡ ಕಟ್ಟು. 98 ಮತ್ತು 102, 305 ಮತ್ತು 350 ಕೊಟ್ಟು ನೋಡಿ, ಸೊನ್ನೆ ಇದ್ದ ಕಡೆ ಏನು ಮಾಡುತ್ತಾರೆ ಅಂತ ಗಮನಿಸಿ.

ಈಗ ಗುರುತು

ಮೊಸಳೆ ಬಾಯಿ ಯಾವಾಗಲೂ ದೊಡ್ಡ ಸಂಖ್ಯೆ ಕಡೆ ತೆರೆಯುತ್ತೆ ಅಂತ ಹೇಳಿಕೊಡುವುದು ರೂಢಿ. ಒಂದು ದಿನದ ಖುಷಿಗೆ ಪರವಾಗಿಲ್ಲ. ಅದರ ಮೇಲೇ ನಿಂತರೆ ಮಗು ಬಾಯಿ ಬಿಡಿಸುತ್ತದೆ, ಹಲ್ಲು ಬಿಡಿಸುತ್ತದೆ, ಆದರೆ 4 < 7 ಅಂತ ಬರೆದದ್ದನ್ನು ಓದು ಅಂದರೆ ‘ಮೊಸಳೆ ಏಳನ್ನು ತಿನ್ನುತ್ತೆ’ ಅನ್ನುತ್ತದೆ. ಸಮ ಗುರುತು ಬಂದಾಗ ಮೊಸಳೆಗೆ ಅಲ್ಲಿ ಕೆಲಸವೇ ಇಲ್ಲ.

ಮತ್ತೆ ಹುಣಸೆ ಬೀಜಕ್ಕೇ ಬನ್ನಿ. ಎಡಗಡೆ ಐದು ಬೀಜ ಮೇಲಿಂದ ಕೆಳಗೆ ಒಂದೇ ಸಾಲಾಗಿ ಇಡಿ. ಸ್ವಲ್ಪ ದೂರದಲ್ಲಿ ಬಲಗಡೆ ಒಂದೇ ಬೀಜ, ಎಡ ಸಾಲಿನ ನಡುವಿನ ಬೀಜದ ನೇರಕ್ಕೆ. ಈಗ ಒಂದು ಪೊರಕೆ ಕಡ್ಡಿಯನ್ನು ಎಡಸಾಲಿನ ತುದಿಯ ಬೀಜದಿಂದ ಬಲಗಡೆಯ ಬೀಜಕ್ಕೆ, ಇನ್ನೊಂದನ್ನು ಬುಡದ ಬೀಜದಿಂದ ಅದೇ ಬೀಜಕ್ಕೆ ಇಡಿಸಿ. ಕಡ್ಡಿಗಳೇ > ಆಗಿ ನಿಂತವು. ಜಾಸ್ತಿ ಇರುವ ಕಡೆ ಅಗಲ, ಕಡಿಮೆ ಇರುವ ಕಡೆ ಚೂಪು. ಬೀಜಗಳನ್ನು ಆ ಕಡೆ ಈ ಕಡೆ ಬದಲಿಸಿ, ಗುರುತೂ ತಿರುಗುತ್ತದೆ. ಐದು ಮತ್ತು ಮೂರು ಇಟ್ಟರೆ ಕಡ್ಡಿಗಳು ಕೂಡುವುದಿಲ್ಲ, ಆದರೂ ಮೂರರ ಕಡೆಗೆ ಹತ್ತಿರವಾಗುತ್ತವೆ. ಎರಡೂ ಕಡೆ ನಾಲ್ಕು ನಾಲ್ಕು ಇಡಿಸಿ, ಕಡ್ಡಿಗಳು ನೆಟ್ಟಗೆ ಸಮಾನಾಂತರವಾಗಿ ನಿಲ್ಲುತ್ತವೆ, ಅದೇ = ಗುರುತು. ಆ ಗುರುತನ್ನು 1557ರಲ್ಲಿ ತನ್ನ ಪುಸ್ತಕದಲ್ಲಿ ಮೊದಲು ಬಳಸಿದ ಗಣಿತಜ್ಞ ರಾಬರ್ಟ್ ರೆಕಾರ್ಡ್ ಕೂಡ ಕೊಟ್ಟ ಕಾರಣ ಇದೇ: ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳಿಗಿಂತ ಸಮವಾದದ್ದು ಬೇರೆ ಇಲ್ಲ. > ಮತ್ತು < ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ತೀರಿಕೊಂಡು ಹತ್ತು ವರ್ಷದ ಮೇಲೆ ಬಂದ ಅವರ ಪುಸ್ತಕದಲ್ಲಿ.

ಓದಿಸುವಾಗ ಒಂದು ತೊಡಕಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. 7 > 4 ಅಂತ ಬರೆದಾಗ ಗುರುತು ನಡುವೆ ಇರುತ್ತದೆ. ಇಂಗ್ಲಿಷ್‌ನಲ್ಲಿ ಓದಿದರೆ ಮಾತೂ ನಡುವೆಯೇ ಬರುತ್ತದೆ. ನಾವು ಓದುವುದು ‘ಏಳು ನಾಲ್ಕಕ್ಕಿಂತ ದೊಡ್ಡದು’ ಅಂತ, ಗುರುತಿನ ಮಾತು ಕೊನೆಗೆ. ಮಗುವಿನ ಬೆರಳು 7, ಗುರುತು, 4 ಅಂತ ನೇರ ಹೋದರೆ ಬಾಯಿಗೂ ಬೆರಳಿಗೂ ತಾಳ ತಪ್ಪುತ್ತದೆ. ಹಾಗಾಗಿ ಬೆರಳನ್ನು ಮೊದಲು 7ರ ಮೇಲೆ, ಆಮೇಲೆ 4ರ ಮೇಲೆ, ಕೊನೆಗೆ ಹಿಂದೆ ಬಂದು ಗುರುತಿನ ಮೇಲೆ ಇಡಿಸಿ. ಮೊದಲು ಮುಟ್ಟಿದ ಸಂಖ್ಯೆಯ ಕಡೆ ಅಗಲ ಇದ್ದರೆ ‘ದೊಡ್ಡದು’, ಚೂಪು ಇದ್ದರೆ ‘ಚಿಕ್ಕದು’. ಬರೆಯುವ ಮೊದಲು ಒಂದಷ್ಟು ದಿನ ಓದುವುದನ್ನೇ ಮಾಡಿಸಿ.

ಬರೆಯಲು ಕೊಡುವಾಗ ಇಪ್ಪತ್ತು ಲೆಕ್ಕದ ಹಾಳೆ ಬೇಡ. ಐದಾರು ಲೆಕ್ಕ, ಅದರಲ್ಲಿ ಎರಡು ಸಮದ್ದು. ಕೊನೆಗೆ ಒಂದು ಖಾಲಿ ಮನೆಯ ಲೆಕ್ಕ: □ < 5. ಇಲ್ಲಿ ಏನು ಬರೆಯಬಹುದು? ಮಗು 4 ಬರೆದು ಪೆನ್ಸಿಲ್ ಇಡುತ್ತದೆ. ಇನ್ನೇನಾದರೂ ಬರೆಯಬಹುದಾ ಅಂತ ಕೇಳಿ. 3, 2, 1 ಬರುತ್ತವೆ. ಸರಿಯಾದ ಉತ್ತರ ಒಂದಕ್ಕಿಂತ ಜಾಸ್ತಿ ಇರಬಹುದು ಅನ್ನುವುದೇ ಮಕ್ಕಳಿಗೆ ಹೊಸದು, ಕೆಲವರು ‘ಹಾಗೆ ಬರೆಯಬಹುದಾ ಮಿಸ್?’ ಅಂತ ಕೇಳಿಯೇ ಬರೆಯುತ್ತಾರೆ. ಸೊನ್ನೆ ತಾನಾಗಿ ಬರದಿದ್ದರೆ ಒಂದು ತಟ್ಟೆಯಲ್ಲಿ ಐದು ಬೀಜ ಹಾಕಿ, ಪಕ್ಕಕ್ಕೆ ಏನೂ ಹಾಕದ ತಟ್ಟೆ ಇಟ್ಟು ಯಾವುದರಲ್ಲಿ ಕಡಿಮೆ ಅಂತ ಕೇಳಿ. ಅದು ಆದ ಮೇಲೆ □ > 5 ಕೊಡಿ, ಎಷ್ಟು ದೂರ ಬರೆಯುತ್ತಾ ಹೋಗುತ್ತದೋ ಹೋಗಲಿ, ಹಾಳೆ ಮುಗಿದರೆ ಇನ್ನೊಂದು ಕೊಡಿ.